ಕಪ್ಪು ಡಾಂಬರಿನ ಬಿಳಿ ಹರಳುಗಳು

ಬಚ್ಚಲು ತೊಳೆಯಲು ತರುವ ಕರಿ ಫಿನಾಯಿಲನ್ನು ಬಕೆಟ್ಟಿನ ನೀರಿಗೆ ಒಂದು ಮುಚ್ಚಳದಷ್ಟು ಸುರಿದರೆ ಕಪ್ಪು ದ್ರವ ಕ್ಷಣಾರ್ಧದಲ್ಲಿ ಹಾಲಿನಂತೆ ಬೆಳ್ಳಗಾಗುತ್ತದೆ. ಆಸ್ಪತ್ರೆಯ ಪಡಸಾಲೆಗೆ, ರೈಲು ನಿಲ್ದಾಣದ ಶೌಚಾಲಯಕ್ಕೆ ತನ್ನದೇ ಗುರುತು ಕೊಟ್ಟ ಆ ಘಾಟು ವಾಸನೆ ಹುಟ್ಟಿದ್ದು ಕಲ್ಲಿದ್ದಲಿನಲ್ಲಿ. ಹೆಸರು ಬಂದಿದ್ದು ಮಾತ್ರ ಫ್ರಾನ್ಸಿನಿಂದ. ಓಗ್ಯುಸ್ತ್ ಲೊರಾಂ ಎಂಬ ರಸಾಯನ ವಿಜ್ಞಾನಿ, ‘ಬೆಳಗು’ ಎಂಬ ಅರ್ಥದ ಗ್ರೀಕ್ ಧಾತುವೊಂದನ್ನು ಹಿಡಿದು ‘ಫೀನ್’, ‘ಫಿನೈಲ್’ ಎಂಬ ಪದಗಳನ್ನು ಕಟ್ಟಿದ. ಬೀದಿದೀಪದ ಅನಿಲ ತಯಾರಿಸುವಾಗ ಉಳಿದ ಕೊಳಕಿನಲ್ಲಿ ಸಿಕ್ಕ ವಸ್ತುವಾದ್ದರಿಂದ ಬೆಳಕಿನ ಹೆಸರು. ಅದೇ ಪದ ಹಡಗು ಹತ್ತಿ ಬಂದು ನಮ್ಮ ಬಚ್ಚಲುಮನೆಯ ಫಿನಾಯಿಲ್ ಆಯಿತು.

ಆ ಕರಿ ಸೀಸೆಯಲ್ಲಿರುವುದು ಒಂದೇ ವಸ್ತುವಲ್ಲ. ಕಲ್ಲಿದ್ದಲ ಡಾಂಬರಿನಿಂದ ಇಳಿಸಿದ ಎಣ್ಣೆಯಲ್ಲಿ ಫಿನಾಲ್ ಇದೆ, ಮೂರು ಬಗೆಯ ಕ್ರೆಸಾಲ್‌ಗಳಿವೆ, ಆರು ಬಗೆಯ ಜೈಲೆನಾಲ್‌ಗಳಿವೆ, ಅವುಗಳ ದಾಯಾದಿಗಳು ಇನ್ನೂ ಅನೇಕ. ವಾಸನೆಯಲ್ಲಿ, ಚರ್ಮ ಸುಡುವ ಗುಣದಲ್ಲಿ, ಪ್ರತ್ಯಾಮ್ಲದಲ್ಲಿ ಕರಗುವುದರಲ್ಲಿ ಎಲ್ಲವೂ ಒಂದೇ ಜಾತಿ. ಹೀಗಿರುವಾಗ ಯಾವುದು ಯಾವುದೆಂದು ಮನುಷ್ಯ ಗುರುತು ಹಿಡಿದದ್ದು ಹೇಗೆ? ಅಣುವಿನ ಚಿತ್ರ ತೆಗೆಯುವ ಯಂತ್ರಗಳಿಲ್ಲದ ಕಾಲದಲ್ಲಿ, ಒಂದು ಪ್ರನಾಳ, ಒಂದು ಉಷ್ಣತಾಮಾಪಕ ಮತ್ತು ಅಪಾರ ತಾಳ್ಮೆ ಇಷ್ಟರಿಂದಲೇ ಈ ಕೆಲಸ ನಡೆದ ಕಥೆ ಸ್ವಾರಸ್ಯವಾದದ್ದು.

ಲಂಡನ್ನಿನಲ್ಲಿ ಅನಿಲ ದೀಪದ ಕಂಪನಿ ಸ್ಥಾಪನೆಯಾದದ್ದು 1812ರಲ್ಲಿ. ಕಲ್ಲಿದ್ದಲನ್ನು ಗಾಳಿಯಾಡದ ಪಾತ್ರೆಯಲ್ಲಿ ಕಾಯಿಸಿದರೆ ಉರಿಯುವ ಅನಿಲ ಬರುತ್ತದೆ, ಕೋಕ್ ಉಳಿಯುತ್ತದೆ, ಜೊತೆಗೆ ಟನ್ನಿಗೆ ಮೂವತ್ತು ನಲವತ್ತು ಕಿಲೋ ಡಾಂಬರು ಇಳಿಯುತ್ತದೆ. ಕೊಳವೆ ಕಟ್ಟುವ, ನದಿ ಕೆಡಿಸುವ ಈ ಅಂಟು ದ್ರವವನ್ನು ಏನು ಮಾಡಬೇಕೆಂದು ಆರಂಭದಲ್ಲಿ ಯಾರಿಗೂ ತೋಚಲಿಲ್ಲ. ಮರಕ್ಕೆ ಬಳಿದರು, ಹಗ್ಗಕ್ಕೆ ಬಳಿದರು. 1838ರಲ್ಲಿ ಇಂಗ್ಲೆಂಡಿನ ಜಾನ್ ಬೆಥೆಲ್ ರೈಲು ಹಳಿಯ ಕೆಳಗಿನ ಮರದ ದಿಮ್ಮಿಗಳಿಗೆ ಅದರ ಎಣ್ಣೆ ಕುಡಿಸುವ ಪೇಟೆಂಟ್ ಪಡೆದ. (ಇಂದಿನ ಡಾಂಬರು ರಸ್ತೆಗಳಿಗೆ ಹಾಕುವುದು ಕಲ್ಲಿದ್ದಲ ಡಾಂಬರಲ್ಲ, ಪೆಟ್ರೋಲಿಯಂ ಶುದ್ಧೀಕರಣದ ಉಳಿಕೆ. ಹೆಸರು ಮಾತ್ರ ಹಳೆಯದೇ ಉಳಿದಿದೆ.)

ಬರ್ಲಿನ್ ಬಳಿಯ ಒರಾನಿಯನ್‌ಬುರ್ಗ್ ಊರಿನ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಫ್ರೀಡ್‌ಲೀಬ್ ಫರ್ಡಿನಾಂಡ್ ರುಂಗೆ ಈ ಡಾಂಬರಿಗೆ ಕೈಹಾಕಿದ. ವಿದ್ಯಾರ್ಥಿಯಾಗಿದ್ದಾಗ ಕವಿ ಗಯಟೆಯ ಮುಂದೆ ಬೆಕ್ಕಿನ ಕಣ್ಣಿಗೆ ಬೆಲ್ಲಡೋನ ರಸ ಹಾಕಿ ಪಾಪೆ ಹಿಗ್ಗುವುದನ್ನು ತೋರಿಸಿ, ಬಹುಮಾನವಾಗಿ ಒಂದು ಹಿಡಿ ಕಾಫಿ ಬೀಜ ಪಡೆದು, ಅದರಿಂದಲೇ ಕೆಫೀನನ್ನು ಬೇರ್ಪಡಿಸಿದ ಆಸಾಮಿ ಈತ. 1834ರಲ್ಲಿ ಡಾಂಬರಿನ ಎಣ್ಣೆಯನ್ನು ಸುಣ್ಣದ ನೀರಿನೊಂದಿಗೆ ಕಲಕಿದಾಗ ಎಣ್ಣೆಯ ಒಂದು ಭಾಗ ನೀರಿಗೆ ಇಳಿಯಿತು. ಆ ನೀರಿಗೆ ಆಮ್ಲ ಹಾಕಿದರೆ ಅದು ಮತ್ತೆ ಎಣ್ಣೆಯಾಗಿ ಹೊರಬಂತು. ಅದಕ್ಕೆ ಆತ ‘ಕಾರ್ಬಾಲಿಕ್ ಆಮ್ಲ’ ಎಂದು ಹೆಸರಿಟ್ಟ. ಅಂದರೆ ಕಲ್ಲಿದ್ದಲ ಎಣ್ಣೆಯ ಆಮ್ಲ. ಡಾಂಬರಿನಿಂದ ಫಿನಾಲ್ ವರ್ಗವನ್ನು ಬೇರೆ ಮಾಡುವ ದಾರಿ ಇಂದಿಗೂ ಮೂಲತಃ ಇದೇ. ಸುಣ್ಣದ ಬದಲು ಕಾಸ್ಟಿಕ್ ಸೋಡಾ, ಅಷ್ಟೆ.

ಆದರೆ ವರ್ಗ ಬೇರೆಯಾದರೆ ವ್ಯಕ್ತಿ ಬೇರೆಯಾದಂತಲ್ಲ. ತೊಡಕು ಇಲ್ಲಿಂದಲೇ ಶುರುವಾಯಿತು. ರುಂಗೆಗೆ ಎರಡು ವರ್ಷ ಮೊದಲು, 1832ರಲ್ಲಿ, ಮೊರಾವಿಯದ ಕಾರ್ಲ್ ರೈಶೆನ್‌ಬಾಖ್ ಬೀಚ್ ಮರದ ಡಾಂಬರಿನಿಂದ ಒಂದು ಎಣ್ಣೆ ತೆಗೆದು ‘ಕ್ರಿಯೋಸೋಟ್’ ಎಂದು ಕರೆದಿದ್ದ. ಅದೂ ಪ್ರತ್ಯಾಮ್ಲದಲ್ಲಿ ಕರಗುತ್ತಿತ್ತು, ಅದೂ ಮಾಂಸ ಕೊಳೆಯದಂತೆ ಕಾಯುತ್ತಿತ್ತು, ಅದರ ವಾಸನೆಯೂ ಹೊಗೆಯದೇ. ಎರಡೂ ಒಂದೇ ಎಂಬ ವಾದ ಎದ್ದು ವರ್ಷಗಟ್ಟಲೆ ನಡೆಯಿತು. ಔಷಧದ ಅಂಗಡಿಯಲ್ಲಿ ಕ್ರಿಯೋಸೋಟ್ ಕೇಳಿದರೆ ಕಾರ್ಬಾಲಿಕ್ ಆಮ್ಲ ಸಿಗುವ ಪರಿಸ್ಥಿತಿ ಬಂತು. ನಿಜದಲ್ಲಿ ಮರದ ಕ್ರಿಯೋಸೋಟಿನ ಮುಖ್ಯ ಘಟಕಗಳು ಗ್ವಾಯಕಾಲ್ ಮತ್ತು ಕ್ರಿಯೋಸಾಲ್. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮಲೆನಾಡಿನ ಸೌದೆಯನ್ನು ಇದ್ದಿಲು ಮಾಡುವಾಗ ಇಳಿಯುತ್ತಿದ್ದದ್ದೂ ಇಂಥ ಮರದ ಡಾಂಬರೇ. ಕಣ್ಣಿಗೆ ಎರಡೂ ಡಾಂಬರು ಒಂದೇ, ಒಳಗಿನ ಸಂಸಾರ ಬೇರೆ.

ಗೊಂದಲಕ್ಕೆ ಕಾರಣವಿತ್ತು. ಒಂದು ವಸ್ತುವನ್ನು ಗುರುತಿಸಲು ಆಗ ಇದ್ದ ಒಳ್ಳೆಯ ಸಾಧನ ಅದರ ಕರಗುವ ಬಿಂದು. ಶುದ್ಧ ಫಿನಾಲ್ 41 ಡಿಗ್ರಿಯಲ್ಲಿ ಕರಗುವ ಬಿಳಿ ಹರಳು. ಆದರೆ ಅದಕ್ಕೆ ಸ್ವಲ್ಪ ನೀರೋ ಕ್ರೆಸಾಲೋ ಬೆರೆತರೆ ಸಾಕು, ಹರಳಾಗಲು ಒಪ್ಪದೆ ದ್ರವವಾಗಿಯೇ ಕೂರುತ್ತದೆ. ರುಂಗೆಯ ಕೈಯಲ್ಲಿದ್ದದ್ದು ಅಂಥ ಮಿಶ್ರಣ. ಎಣ್ಣೆಗೆ ಕರಗುವ ಬಿಂದು ಎಲ್ಲಿಂದ ಬರಬೇಕು?

ಲೊರಾಂ ದಾರಿ ತೋರಿಸಿದ್ದು ಇಲ್ಲಿ. ಫ್ರಾನ್ಸಿನ ಲಾಂಗ್ರ್ ಪಟ್ಟಣದ ಬಳಿ 1807ರಲ್ಲಿ ಹುಟ್ಟಿದ ಈತ 1836ರಲ್ಲಿ ಡಾಂಬರಿನ ಎಣ್ಣೆಗೆ ಕ್ಲೋರಿನ್ ಹಾಯಿಸಿ, ಬಂದ ರಾಡಿಯಿಂದ ಸೊಗಸಾದ ಹರಳುಗಳನ್ನು ಬೇರ್ಪಡಿಸಿದ. ಅವು ಕ್ಲೋರಿನ್ ಹೊತ್ತ ಫಿನಾಲ್‌ಗಳು. ವಿಚಿತ್ರವೆಂದರೆ ಆಗಿನ್ನೂ ಆತನ ಕೈಗೆ ಶುದ್ಧ ಫಿನಾಲ್ ಸಿಕ್ಕಿರಲೇ ಇಲ್ಲ. ತಾಯಿಯ ಮುಖ ನೋಡುವ ಮೊದಲೇ ಮಕ್ಕಳನ್ನು ನೋಡಿ, ಇಂಥ ತಾಯಿ ಇರಲೇಬೇಕೆಂದು ಊಹಿಸಿದಂತಾಯಿತು. ಐದು ವರ್ಷಗಳ ಬಳಿಕ, 1841ರಲ್ಲಿ, 150ರಿಂದ 200 ಡಿಗ್ರಿಯೊಳಗೆ ಭಟ್ಟಿಯಿಳಿದ ಭಾಗವನ್ನು ಗಟ್ಟಿ ಪೊಟ್ಯಾಷ್‌ನೊಡನೆ ಕಲಸಿ, ಆಮ್ಲದಿಂದ ಬಿಡಿಸಿ, ತಣಿಸಿ, ಕೊನೆಗೂ ತಾಯಿಯನ್ನೇ ಹರಳಾಗಿ ಪಡೆದ. ಅದು 34–35 ಡಿಗ್ರಿಯಲ್ಲಿ ಕರಗಿತು ಎಂದು ಬರೆದಿದ್ದಾನೆ. ಇಂದಿನ ಲೆಕ್ಕಕ್ಕೆ ಆರೇಳು ಡಿಗ್ರಿ ಕಡಿಮೆ, ಅಂದರೆ ಆ ಹರಳೂ ಪೂರ್ತಿ ಶುದ್ಧವಾಗಿರಲಿಲ್ಲ.

ಈ ಮಕ್ಕಳನ್ನೇ ರಸಾಯನಶಾಸ್ತ್ರದಲ್ಲಿ ವ್ಯುತ್ಪನ್ನಗಳು ಎನ್ನುತ್ತಾರೆ. ಧಾತುವಿನಿಂದ ಪದ ಹುಟ್ಟುವಂತೆ ಒಂದು ಸಂಯುಕ್ತದಿಂದ ಹುಟ್ಟಿಸಿಕೊಂಡ ಇನ್ನೊಂದು ಸಂಯುಕ್ತ. ಜಲಜನಕದ ಒಂದು ಪರಮಾಣು ಹೋಗಿ ಕ್ಲೋರಿನ್ ಬಂದು ಕೂತರೂ ಅಣುವಿನ ಬೀಜಭಾಗ ಹಾಗೆಯೇ ಉಳಿಯುತ್ತದೆ ಎಂದು ಲೊರಾಂ ಸಾರಿದ. ಬರ್ಜೀಲಿಯಸ್‌ನಂಥ ಹಿರಿಯರಿಗೆ ಇದು ಹಿಡಿಸಲಿಲ್ಲ. ಆದರೆ ವ್ಯುತ್ಪನ್ನದಿಂದ ಗುರುತು ಹಿಡಿಯುವ ವಿದ್ಯೆ ನಿಂತಿರುವುದೇ ಈ ನಂಬಿಕೆಯ ಮೇಲೆ. ಮಗುವಿನಲ್ಲಿ ತಾಯಿಯ ಬೀಜ ಉಳಿಯದಿದ್ದರೆ ಮಗುವನ್ನು ನೋಡಿ ತಾಯಿಯ ಹೆಸರು ಹೇಳುವುದು ಹೇಗೆ? ಲೊರಾಂಗೆ ಅದರಿಂದ ಸುಖವೇನೂ ಸಿಗಲಿಲ್ಲ. ಬೊರ್ದೊದ ಪ್ರಾಧ್ಯಾಪಕ ಹುದ್ದೆ ಬಿಟ್ಟು ಪ್ಯಾರಿಸ್ಸಿಗೆ ಬಂದು, ಟಂಕಸಾಲೆಯಲ್ಲಿ ಲೋಹ ಪರೀಕ್ಷಕನಾಗಿ ದುಡಿದು, ಆಸೆಪಟ್ಟ ಪೀಠ ಬೇರೆಯವರ ಪಾಲಾಗಿ, 1853ರಲ್ಲಿ ಕ್ಷಯದಿಂದ ತೀರಿಕೊಂಡ.

ಫಿನಾಲನ್ನು ನೈಟ್ರಿಕ್ ಆಮ್ಲದಲ್ಲಿ ಕಾಯಿಸಿದಾಗ ಹಳದಿ ಪಿಕ್ರಿಕ್ ಆಮ್ಲ ಬರುವುದನ್ನೂ ಲೊರಾಂ ಕಂಡಿದ್ದ. ಆದರೆ ಇಲ್ಲೊಂದು ಎಚ್ಚರಿಕೆಯಿದೆ. ಇದೇ ಪಿಕ್ರಿಕ್ ಆಮ್ಲವನ್ನು 1771ರಷ್ಟು ಹಿಂದೆಯೇ ಪೀಟರ್ ವುಲ್ಫ್ ನೀಲಿ ಗಿಡದ ಇಂಡಿಗೋದಿಂದ ಪಡೆದಿದ್ದ. ಸ್ಯಾಲಿಸಿಲಿಕ್ ಆಮ್ಲದಿಂದಲೂ ಅದು ಬರುತ್ತದೆ. ಮೂವರು ತಾಯಂದಿರಿಗೆ ಒಂದೇ ಮಗು ಎಂದಾದರೆ ಆ ಮಗು ಸಾಕ್ಷಿಗೆ ಬಾರದು. ಗುರುತಿನ ವ್ಯುತ್ಪನ್ನ ಮೂಲ ಅಣುವನ್ನು ಕತ್ತರಿಸಬಾರದು, ಸುಲಭವಾಗಿ ಹರಳಾಗಬೇಕು, ಪ್ರತಿ ತಾಯಿಗೂ ಬೇರೆ ಬೇರೆ ಉಷ್ಣತೆಯಲ್ಲಿ ಕರಗಬೇಕು. ಈ ಷರತ್ತುಗಳು ಸ್ಪಷ್ಟವಾಗಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಗುರುತು ಹಿಡಿಯುವುದು ಪಂಡಿತರ ಚಪಲವಷ್ಟೇ ಆಗಿರಲಿಲ್ಲ. 1865ರ ಆಗಸ್ಟಿನಲ್ಲಿ ಗ್ಲಾಸ್ಗೋ ಆಸ್ಪತ್ರೆಗೆ ಬಂಡಿಯ ಚಕ್ರ ಹರಿದು ಕಾಲು ಮುರಿದ ಹನ್ನೊಂದು ವರ್ಷದ ಜೇಮ್ಸ್ ಗ್ರೀನ್‌ಲೀಸ್ ಬಂದ. ಮೂಳೆ ಚರ್ಮ ಸೀಳಿ ಹೊರಬಂದರೆ ಕೀವು ತುಂಬಿ, ಕಾಲನ್ನೋ ಪ್ರಾಣವನ್ನೋ ಕಳೆದುಕೊಳ್ಳುವುದು ಆಗ ಸಾಮಾನ್ಯ. ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದ. ಆರು ವಾರದಲ್ಲಿ ಹುಡುಗನ ಮೂಳೆ ಕೂಡಿತು. ಲಿಸ್ಟರ್ ಆರಂಭದಲ್ಲಿ ಬಳಸಿದ್ದು ‘ಜರ್ಮನ್ ಕ್ರಿಯೋಸೋಟ್’ ಎಂಬ ಹೆಸರಿನಲ್ಲಿ ಬರುತ್ತಿದ್ದ ಕಂದು ಬಣ್ಣದ ಡಾಂಬರು ದ್ರವ. ನೀರಿನಲ್ಲಿ ಸರಿಯಾಗಿ ಕರಗದು, ಚರ್ಮ ಸುಡುವುದು. ಮ್ಯಾಂಚೆಸ್ಟರಿನ ಕ್ರೇಸ್ ಕ್ಯಾಲ್ವರ್ಟ್ ತಯಾರಿಸುತ್ತಿದ್ದ ಶುದ್ಧ ಹರಳು ಕೈಗೆ ಬಂದಮೇಲೆಯೇ ನೀರಿನಲ್ಲಿ ಇಂತಿಷ್ಟು ಪಾಲು ಎಂದು ಅಳತೆಮಾಡಿ ಬಳಸುವುದು ಸಾಧ್ಯವಾಯಿತು. ಬಾಟಲಿಯಲ್ಲಿರುವುದು ಫಿನಾಲೋ, ಕ್ರೆಸಾಲೋ, ಎರಡರ ಬೆರಕೆಯೋ ಎಂಬ ಪ್ರಶ್ನೆ ರೋಗಿಯ ಹಾಸಿಗೆಯ ಪಕ್ಕಕ್ಕೇ ಬಂದು ನಿಂತಿತ್ತು.

ಬೆರಳೆಣಿಕೆಯ ವರ್ಷಗಳಲ್ಲಿ ಒಂದು ಸರಳ ಪರೀಕ್ಷೆ ಬಂತು. 1871ರಲ್ಲಿ ಹಾನ್ಸ್ ಲಾಂಡೋಲ್ಟ್, ಫಿನಾಲ್ ಇರುವ ನೀರಿಗೆ ಬ್ರೋಮಿನ್ ನೀರು ಹಾಕಿದರೆ ಹತ್ತಾರು ಸಾವಿರ ಭಾಗ ನೀರಿನಲ್ಲಿ ಒಂದು ಭಾಗ ಇದ್ದರೂ ಬಿಳಿ ಗಷ್ಟು ಬೀಳುವುದೆಂದು ತೋರಿಸಿದ. ಈ ಟ್ರೈಬ್ರೋಮೊಫಿನಾಲ್ ಕರಗುವುದು 95 ಡಿಗ್ರಿಯಲ್ಲಿ. ಫೆರಿಕ್ ಕ್ಲೋರೈಡ್ ಹಾಕಿದರೆ ನೇರಳೆ ಬಣ್ಣ ಬರುವ ಪರೀಕ್ಷೆಯೂ ಕಾಲೇಜು ಮೆಟ್ಟಿಲು ಹತ್ತಿದವರಿಗೆಲ್ಲ ಪರಿಚಿತ. ಆದರೆ ಬಣ್ಣ ಹೇಳುವುದು ‘ಇದು ಫಿನಾಲ್ ಕುಲದ್ದು’ ಎಂದಷ್ಟೆ. ಕುಲದಲ್ಲಿ ಯಾರು ಎಂದು ಹೇಳದು.

ನಿಜವಾದ ಸವಾಲು ಕ್ರೆಸಾಲ್‌ಗಳದು. 1854ರಲ್ಲಿ ವಿಲಿಯಮ್‌ಸನ್ ಮತ್ತು ಫೇರ್ಲಿ ಡಾಂಬರಿನಲ್ಲಿ ಕ್ರೆಸಾಲ್ ಇರುವುದನ್ನು ಕಂಡುಕೊಂಡರು. ಫಿನಾಲಿನ ಉಂಗುರಕ್ಕೆ ಒಂದು ಮೀಥೈಲ್ ಗುಂಪು ಅಂಟಿಕೊಂಡರೆ ಕ್ರೆಸಾಲ್. ಅಂಟಿಕೊಳ್ಳುವ ಜಾಗ ಮೂರು. ಪಕ್ಕದ ಮನೆಯಾದರೆ ಆರ್ಥೊ, ಒಂದು ಮನೆ ಬಿಟ್ಟು ಮೆಟಾ, ಎದುರು ಮನೆ ಪ್ಯಾರಾ. ತೂಕದಲ್ಲಿ ಮೂರಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಇಂಥವುಗಳನ್ನು ಸಮಾಂಗಿಗಳು ಎನ್ನುತ್ತಾರೆ. ಆರ್ಥೊ ಕ್ರೆಸಾಲ್ 191 ಡಿಗ್ರಿಯಲ್ಲಿ ಕುದಿಯುವುದರಿಂದ ಎತ್ತರದ ಭಟ್ಟಿಗೋಪುರದಲ್ಲಿ ಬೇರೆಯಾದೀತು. ಮೆಟಾ ಮತ್ತು ಪ್ಯಾರಾ ಎರಡೂ ಕುದಿಯುವುದು 202ರ ಆಸುಪಾಸಿನಲ್ಲಿ. ಎಷ್ಟು ಸಲ ಭಟ್ಟಿಯಿಳಿಸಿದರೂ ಜೋಡಿ ಬಿಡುವುದಿಲ್ಲ. ಪ್ಯಾರಾ 35 ಡಿಗ್ರಿಗೆ, ಮೆಟಾ 12 ಡಿಗ್ರಿಗೆ ಕರಗುತ್ತವೆ ನಿಜ, ಆದರೆ ಅದು ಶುದ್ಧವಾಗಿದ್ದರೆ. ಬೆರೆತರೆ ಮತ್ತದೇ ಎಣ್ಣೆ.

ಈಗ ವ್ಯುತ್ಪನ್ನದ ಕೈಚಳಕ ನೋಡಬೇಕು. ಡಾಂಬರಿನಿಂದ ಬೇರ್ಪಡಿಸಿದ, ಹೆಸರು ಗೊತ್ತಿಲ್ಲದ ಫಿನಾಲ್ ಒಂದು ಗ್ರಾಮಿನಷ್ಟಿದೆ ಎಂದುಕೊಳ್ಳೋಣ. ಅದನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕರಗಿಸಿ, ಕ್ಲೋರೊಅಸಿಟಿಕ್ ಆಮ್ಲ ಸೇರಿಸಿ, ಕುದಿಯುವ ನೀರಿನ ಪಾತ್ರೆಯಲ್ಲಿ ಸುಮಾರು ಒಂದು ಗಂಟೆ ಇಡುತ್ತಾರೆ. ತಣಿಸಿ ಆಮ್ಲ ಹಾಕಿ, ಈಥರ್‌ನಲ್ಲಿ ಎಳೆದುಕೊಂಡು, ಆ ಈಥರನ್ನು ವಾಷಿಂಗ್ ಸೋಡಾದ ದ್ರಾವಣದೊಡನೆ ಕುಲುಕುತ್ತಾರೆ. ಹೊಸದಾಗಿ ಹುಟ್ಟಿದ ಆಮ್ಲ ಸೋಡಾಕ್ಕೆ ಇಳಿಯುತ್ತದೆ, ಬದಲಾಗದೆ ಉಳಿದ ಫಿನಾಲ್ ಈಥರ್‌ನಲ್ಲೇ ನಿಲ್ಲುತ್ತದೆ. ಸೋಡಾ ದ್ರಾವಣಕ್ಕೆ ಆಮ್ಲ ಹಾಕಿದೊಡನೆ ಬಿಳಿ ಹರಳು ಉದುರುತ್ತವೆ. ಬಿಸಿನೀರಿನಲ್ಲಿ ಕರಗಿಸಿ ಮತ್ತೆ ಹರಳುಗಟ್ಟಿಸಿ, ಒಣಗಿಸಿ, ಒಂದಿಷ್ಟು ಪುಡಿಯನ್ನು ಕೂದಲಿನಂಥ ಗಾಜಿನ ನಳಿಕೆಗೆ ತುಂಬಿ, ಉಷ್ಣತಾಮಾಪಕದ ಬುಡಕ್ಕೆ ಕಟ್ಟಿ ಎಣ್ಣೆಯಲ್ಲಿ ಮೆಲ್ಲಗೆ ಕಾಯಿಸಬೇಕು. ಪುಡಿ ಕಣ್ಣೆದುರಿಗೆ ಹನಿಯಾಗುವ ಕ್ಷಣದ ಅಂಕಿಯೇ ತೀರ್ಪು. 135–136 ಆದರೆ ಪ್ಯಾರಾ ಕ್ರೆಸಾಲ್. 152 ಆದರೆ ಆರ್ಥೊ. 103 ಆದರೆ ಮೆಟಾ. ಫಿನಾಲ್ ಆದರೆ 99.

99ಕ್ಕೂ 103ಕ್ಕೂ ಇರುವುದು ನಾಲ್ಕೇ ಡಿಗ್ರಿ. ಅನುಭವವಿಲ್ಲದ ಕೈ ತಪ್ಪುವುದು ಇಲ್ಲೇ. ಅದಕ್ಕೆ ಎರಡನೆಯ ಸಾಕ್ಷಿ ಬೇಕು. ಅದೇ ಹರಳನ್ನು ತೂಗಿ ಪ್ರತ್ಯಾಮ್ಲದೊಡನೆ ಅಳೆದರೆ ಅದರ ತುಲ್ಯಭಾರ ಸಿಗುತ್ತದೆ. ಫಿನಾಲಿನ ಮಗುವಿಗೆ 152, ಕ್ರೆಸಾಲಿನ ಮಗುವಿಗೆ 166, ಜೈಲೆನಾಲಿನದಕ್ಕೆ 180. ಇದೂ ಸಾಲದೆಂದರೆ ಬೇರೊಂದು ವ್ಯುತ್ಪನ್ನ. ಡೈನೈಟ್ರೊಬೆಂಜಾಯಿಲ್ ಕ್ಲೋರೈಡಿನ ಜೊತೆ ಕೂಡಿಸಿದರೆ ಫಿನಾಲಿನದು 146, ಆರ್ಥೊ ಕ್ರೆಸಾಲಿನದು 138, ಮೆಟಾದ್ದು 165, ಪ್ಯಾರಾದ್ದು 189 ಡಿಗ್ರಿಯಲ್ಲಿ ಕರಗುತ್ತವೆ. ಮೂಲದಲ್ಲಿ ಎಣ್ಣೆಯಾಗಿ ಕಲಸಿಹೋಗಿದ್ದವರು ಇಲ್ಲಿ ಅಂಗಳದಲ್ಲಿ ದೂರ ದೂರ ನಿಂತಂತೆ. ಕಡೆಯ ಪರೀಕ್ಷೆ ಮಿಶ್ರಣದ್ದು. ಅನುಮಾನದ ಹರಳನ್ನು ನಿಜವೆಂದು ಗೊತ್ತಿರುವ ಹರಳಿನೊಡನೆ ಅರೆದು ಕಾಯಿಸಿದಾಗ ಕರಗುವ ಬಿಂದು ಅಲುಗದಿದ್ದರೆ ಎರಡೂ ಒಂದೇ. ಕುಸಿದರೆ ಪರಕೀಯರು. ಬುದ್ಧಿವಂತಿಕೆಯ ದೃಷ್ಟಿಯಿಂದ ರಸಾಯನಶಾಸ್ತ್ರದ ಅತ್ಯಂತ ಅಗ್ಗದ ಮತ್ತು ಅತ್ಯಂತ ಸುಂದರ ಪ್ರಯೋಗಗಳಲ್ಲಿ ಇದೂ ಒಂದು.

ಈ ವಿಧಾನಗಳನ್ನು ಒಂದೇ ಕೈ ರೂಪಿಸಲಿಲ್ಲ. ಪ್ರತ್ಯಾಮ್ಲದ ನೀರಿನಲ್ಲೇ ಫಿನಾಲಿಗೆ ಬೆಂಜಾಯಿಲ್ ಗುಂಪು ತೊಡಿಸುವ ದಾರಿಯನ್ನು 1880ರ ದಶಕದಲ್ಲಿ ಶಾಟನ್ ಮತ್ತು ಬೌಮನ್ ತೋರಿಸಿದರು. ಅಮೆರಿಕದಲ್ಲಿ ಸ್ಯಾಮುಯೆಲ್ ಮಲ್ಲಿಕನ್ 1904ರಲ್ಲಿ ಸಾವಯವ ವಸ್ತುಗಳ ಗುರುತಿನ ಬೃಹತ್ ಕೈಪಿಡಿಯ ಮೊದಲ ಸಂಪುಟ ತಂದ. ಮೇಲೆ ಹೇಳಿದ ಅಸಿಟಿಕ್ ವ್ಯುತ್ಪನ್ನಗಳನ್ನು ಫಿನಾಲ್‌ಗಳ ಗುರುತಿಗೆ ಕ್ರಮಬದ್ಧವಾಗಿ ಬಳಸುವ ಲೇಖನವನ್ನು ಕೋಲ್ಶ್ ಪ್ರಕಟಿಸಿದ್ದು 1931ರಲ್ಲಿ. ಆರ್ಥರ್ ವೋಗೆಲ್ ಬರೆದ ಪ್ರಾಯೋಗಿಕ ಸಾವಯವ ರಸಾಯನದ ಪುಸ್ತಕ 1948ರಲ್ಲಿ ಬಂತು. ಮೈಸೂರು, ಧಾರವಾಡ, ಬೆಂಗಳೂರುಗಳಲ್ಲಿ ಎಂ.ಎಸ್ಸಿ. ಓದಿದ ಹಳಬರಿಗೆ ವೋಗೆಲ್ ಎಂದರೆ ವ್ಯಕ್ತಿಯ ಹೆಸರಲ್ಲ, ಪ್ರಯೋಗಶಾಲೆಯ ಮೇಜಿನ ಮೇಲೆ ಆಮ್ಲದ ಕಲೆ ಹೊತ್ತು ಕೂತಿರುತ್ತಿದ್ದ ಒಂದು ದಪ್ಪ ಪುಸ್ತಕ. ಪರೀಕ್ಷೆಯಲ್ಲಿ ಕೊಟ್ಟ ಅಜ್ಞಾತ ವಸ್ತುವಿನ ವ್ಯುತ್ಪನ್ನವನ್ನು ತಯಾರಿಸಿ ಪೊಟ್ಟಣ ಕಟ್ಟಿ ಪರೀಕ್ಷಕರಿಗೆ ಒಪ್ಪಿಸಿದ ಮೇಲೆಯೇ ಊಟದ ನೆನಪು.

ಕಾರ್ಖಾನೆಗೂ ಈ ವಿದ್ಯೆ ಬೇಕಾಗಿತ್ತು. 1900ರಲ್ಲಿ ಜರ್ಮನಿಯ ಫ್ರೀಡ್ರಿಶ್ ರಾಶಿಗ್ ಒಂದು ಚತುರ ದಾರಿ ಹುಡುಕಿದ. ಕ್ರೆಸಾಲ್ ಮಿಶ್ರಣಕ್ಕೆ ಮೊದಲು ಗಂಧಕಾಮ್ಲ, ನಂತರ ಕಡು ನೈಟ್ರಿಕ್ ಆಮ್ಲ ಹಾಕಿದರೆ ಆರ್ಥೊ ಮತ್ತು ಪ್ಯಾರಾ ಎರಡೂ ಸುಟ್ಟು ಆಕ್ಸಾಲಿಕ್ ಆಮ್ಲವಾಗಿ ಹಾಳಾಗುತ್ತವೆ. ಮೆಟಾ ಒಂದೇ ಬದುಕುಳಿದು ಹಳದಿ ಹರಳಿನ ಟ್ರೈನೈಟ್ರೊಕ್ರೆಸಾಲ್ ಆಗುತ್ತದೆ. ನೂರು ಗ್ರಾಂ ಮೆಟಾ ಕ್ರೆಸಾಲಿಗೆ 174 ಗ್ರಾಂ ಹರಳು. ತೂಗಿ ಭಾಗಿಸಿದರೆ ಮೂಲದಲ್ಲಿ ಮೆಟಾ ಎಷ್ಟಿತ್ತೆಂಬ ಲೆಕ್ಕ ಸಿಕ್ಕಿತು. ಬೇಡದವರನ್ನು ನಾಶಮಾಡಿ ಬೇಕಾದವನನ್ನು ಎಣಿಸುವ ಕ್ರೂರ ಜನಗಣತಿ ಇದು. ಇದರ ಬೆಲೆ ಗೊತ್ತಾಗಿದ್ದು ಬೇಕ್‌ಲ್ಯಾಂಡ್‌ನ ಬೇಕಲೈಟ್ ಬಂದ ಮೇಲೆ. 1907ರಲ್ಲಿ ಆತ ಅರ್ಜಿ ಹಾಕಿದ ಪೇಟೆಂಟಿನ ಸಾರ, ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್ ಹೆಣೆದು ಗಟ್ಟಿ ರಾಳ ಮಾಡುವುದು. ಹೆಣಿಗೆಗೆ ಫಿನಾಲಿನ ಉಂಗುರದಲ್ಲಿ ಮೂರು ಕೊಂಡಿಗಳಿವೆ. ಮೆಟಾ ಕ್ರೆಸಾಲಿನಲ್ಲಿ ಮೂರೂ ಬಿಡುವಾಗಿರುತ್ತವೆ. ಆರ್ಥೊ, ಪ್ಯಾರಾಗಳಲ್ಲಿ ಒಂದೊಂದು ಕೊಂಡಿಯ ಮೇಲೆ ಮೀಥೈಲ್ ಕೂತುಬಿಟ್ಟಿರುತ್ತದೆ. ಹಾಗಾಗಿ ರಾಳ ಮಾಡುವವರು ಕ್ರೆಸಾಲ್ ಕೊಳ್ಳುವಾಗ ಮೆಟಾ ಎಷ್ಟು ಪಾಲು ಎಂದೇ ಕೇಳುತ್ತಿದ್ದರು. ರೇಡಿಯೊ ಪೆಟ್ಟಿಗೆ, ವಿದ್ಯುತ್ ಸ್ವಿಚ್ಚುಗಳ ಹಿಂದೆ ಆ ಹಳದಿ ಹರಳಿನ ತೂಕವಿತ್ತು.

ಗುರುತಿನ ಚೀಟಿಯಾಗಿ ಹುಟ್ಟಿದ ವ್ಯುತ್ಪನ್ನ ತಾನೇ ಯಜಮಾನನಾದ ಪ್ರಸಂಗವೂ ಉಂಟು. ಕ್ಲೋರಿನ್ ಹೊತ್ತ ಫಿನಾಲಿಗೆ ಅದೇ ಕ್ಲೋರೊಅಸಿಟಿಕ್ ಆಮ್ಲದ ಕ್ರಿಯೆ ಮಾಡಿ ಬರುವ ಹರಳನ್ನು 1941ರಲ್ಲಿ ರಾಬರ್ಟ್ ಪೊಕಾರ್ನಿ ಪುಟ್ಟ ಟಿಪ್ಪಣಿಯಲ್ಲಿ ವರ್ಣಿಸಿದ. ನಾಲ್ಕಾರು ವರ್ಷಗಳಲ್ಲೇ ಅದು ಅಗಲ ಎಲೆಯ ಕಳೆಗಳನ್ನು ಕೊಲ್ಲುವ 2,4-ಡಿ ಎಂಬ ಕಳೆನಾಶಕವಾಗಿ ಲೋಕಪ್ರಸಿದ್ಧವಾಯಿತು. ನಮ್ಮ ಭತ್ತದ ಗದ್ದೆಗಳಿಗೂ ಬಂತು. ಆರ್ಥೊ ಕ್ರೆಸಾಲಿನಿಂದ ಇದೇ ರೀತಿ ಬಂದ ಎಂ.ಸಿ.ಪಿ.ಎ. ಅದರ ಸೋದರ.

1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಅನಿಲ-ದ್ರವ ಕ್ರೊಮಟೋಗ್ರಫಿಯನ್ನು ಪ್ರಕಟಿಸಿದ ಮೇಲೆ ಈ ಕೈಕೆಲಸ ಹಿಂದೆ ಸರಿಯಿತು. ಒಂದು ಹನಿ ಎಣ್ಣೆಯನ್ನು ಸೂಜಿಯಲ್ಲಿ ಚುಚ್ಚಿದರೆ ಸಾಕು, ಉದ್ದದ ನಳಿಕೆಯಲ್ಲಿ ಫಿನಾಲ್‌ಗಳು ಒಂದರ ಹಿಂದೊಂದು ಹೊರಬಂದು ಕಾಗದದ ಮೇಲೆ ಗುಡ್ಡಗಳಾಗಿ ಮೂಡುತ್ತವೆ. ಗ್ರಾಮಿನ ಬದಲು ಮೈಕ್ರೊಗ್ರಾಂ, ದಿನದ ಬದಲು ನಿಮಿಷ. ಆದರೂ ವ್ಯುತ್ಪನ್ನ ಪೂರ್ತಿ ಮನೆಬಿಟ್ಟು ಹೋಗಿಲ್ಲ. ನಳಿಕೆಯ ಗೋಡೆಗೆ ಅಂಟಿಕೊಳ್ಳುವ ಫಿನಾಲಿನ ಸ್ವಭಾವ ತಪ್ಪಿಸಲು ಅದಕ್ಕೆ ಅಸಿಟೈಲ್ ಗುಂಪನ್ನೋ ಸಿಲಿಕಾನಿನ ಗುಂಪನ್ನೋ ತೊಡಿಸಿ ಯಂತ್ರಕ್ಕೆ ಕೊಡುವುದು ಇಂದಿಗೂ ರೂಢಿಯಲ್ಲಿದೆ. ಹಳೆಯ ಅನಿಲ ಕಾರ್ಖಾನೆಗಳ ನೆಲದಡಿಯ ನೀರಿಗೆ ಡಾಂಬರು ಸೇರಿದೆಯೇ ಎಂದು ಪಾಶ್ಚಾತ್ಯ ದೇಶಗಳಲ್ಲಿ ಪರೀಕ್ಷಿಸುವಾಗ ವರದಿಯಲ್ಲಿ ಫಿನಾಲಿಗೆ ಒಂದು ಸಾಲು, ಆರ್ಥೊ ಕ್ರೆಸಾಲಿಗೆ ಇನ್ನೊಂದು ಸಾಲು ಇರುತ್ತದೆ. ಮೆಟಾ ಮತ್ತು ಪ್ಯಾರಾಗಳನ್ನು ಮಾತ್ರ ಎಷ್ಟೋ ಪ್ರಯೋಗಶಾಲೆಗಳು ಇಂದಿಗೂ ಒಂದೇ ಸಾಲಿನಲ್ಲಿ, ನಡುವೆ ಒಂದು ಕೂಡುಚಿಹ್ನೆ ಹಾಕಿ, ಒಟ್ಟಿಗೇ ಬರೆಯುತ್ತವೆ. ಸಾಮಾನ್ಯ ನಳಿಕೆಯಲ್ಲಿ ಆ ಎರಡೂ ಹೊರಬರುವುದು ಒಂದೇ ಗುಡ್ಡವಾಗಿ.